ತೇರದಾಳದ ಉಣ್ಣಿ ಗಡಿಗೆ

ಜಮಖಂಡಿ ಸಂಸ್ಥಾನ ಹೋಗಿ ನಮ್ಮ ಊರು ಮುಂಬೈ ರಾಜ್ಯಕ್ಕೆ ಸೇರಿ ಆಗ ನಾಲ್ಕು ವರ್ಷವಾಗಿತ್ತು. ನಾನು ಜಮಖಂಡಿಯ ದನದ ದವಾಖಾನೆಯಲ್ಲಿ ಪಟ್ಟೆವಾಲಾ. ಹೆಗಲಿನಿಂದ ಅಡ್ಡಕ್ಕೆ ಒಂದು ಕೆಂಪು ಪಟ್ಟೆ, ಅದರ ಮೇಲೆ ಹಿತ್ತಾಳೆ ಬಿಲ್ಲೆ. ನೋಡಿದವರು ದೊಡ್ಡ ಅಧಿಕಾರ ಅಂದುಕೊಳ್ಳಬೇಕು. ಕೆಲಸ ಮಾತ್ರ ಎತ್ತು ಕೆಡವುವುದು, ಎಮ್ಮೆಯ ಬಾಯಿ ಹಿಡಿಯುವುದು, ಗಾಯ ತೊಳೆಯುವುದು, ನೆಲ ಗುಡಿಸುವುದು. ವಯಸ್ಸು ಇಪ್ಪತ್ತೊಂದು. ಓದು ನಾಲ್ಕನೆಯ ಇಯತ್ತೆ, ಅದೂ ಪಾಸಾಗಿಲ್ಲ. ಈಗ ಮೈಸೂರು ರಾಜ್ಯ ಬಂದಿದೆ, ದವಾಖಾನೆಯ ಬೋರ್ಡು ಬದಲಾಗಿದೆ, ನಾನು ಅದೇ ನೆಲ ಗುಡಿಸುತ್ತಿದ್ದೇನೆ. ಆದರೆ ಆ ಕಾಲದ ಮಾತು ಬೇರೆ. ಆಗ ಆಪಟೆ ಸಾಹೇಬರು ಇದ್ದರು.

ಸಾಹೇಬರು ನಮ್ಮ ಡಾಕ್ಟರು. ಮನೆಮಾತು ಮರಾಠಿ, ಕನ್ನಡ ನಮಗಿಂತ ಚೊಕ್ಕ. ಅವರ ಮೇಜಿನ ಮೇಲೆ ಒಂದು ಹಿತ್ತಾಳೆಯ ಮೈಕ್ರೋಸ್ಕೋಪ್ ಇತ್ತು. ನಾವೆಲ್ಲ ಅದಕ್ಕೆ ದುರ್ಬೀನು ಅನ್ನುತ್ತಿದ್ದೆವು. ಬೇರೆ ಯಾವ ಡಾಕ್ಟರೂ ಪಟ್ಟೆವಾಲಾನಿಗೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಇವರು ಕರೆದು ಕೂರಿಸಿ ತೋರಿಸುತ್ತಿದ್ದರು.

ಒಂದು ದಿನ ಮುಧೋಳದವರೊಬ್ಬರು ತಮ್ಮ ಬೇಟೆನಾಯಿಯನ್ನು ತಂದರು. ಬೆನ್ನ ಮೇಲೆ ಒಂದು ಕೂದಲಿಲ್ಲ, ಮೈ ತುಂಬ ತುರಿ. ಸಾಹೇಬರು ಚರ್ಮವನ್ನು ಚಾಕುವಿನಿಂದ ಕೆರೆದು ಗಾಜಿನ ಮೇಲಿಟ್ಟು ನನ್ನನ್ನು ಕರೆದರು.

“ಮಲ್ಯಾ, ಕಣ್ಣಿಡು. ಕಾಲ ಎಷ್ಟವ ಎಣಸು.”

ಆಮೆಯ ಹಾಗೆ ಗುಂಡಗಿನ ಒಂದು ಹುಳ. ಮೊಂಡು ಕಾಲುಗಳು. “ಎಂಟರೀ.”

“ಹೇನಿಗೆ?”

“ಆರರೀ.”

“ಅದ ನೋಡು ಗುರುತು. ಹೇನು, ನೊಣ, ಸೊಳ್ಳಿ ಆರು ಕಾಲಿನ ಬಳಗ. ಜೇಡ, ಚೇಳು, ಈ ತುರಿ ನುಸಿ, ದನದ ಉಣ್ಣಿ ಎಂಟು ಕಾಲಿನ ಬಳಗ. ನುಸಿ ಮತ್ತ ಉಣ್ಣಿ ಖಾಸಾ ಅಣ್ಣತಮ್ಮರು. ಪುಸ್ತಕದಾಗ ಇವಕ್ಕ ಅಕಾರಿನಾ ಅಂತಾರ.”

ನನಗೆ ಪುಸ್ತಕದ ಹೆಸರು ಬೇಕಿರಲಿಲ್ಲ. ಕಾಲು ಎಣಿಸುವುದು ಮಾತ್ರ ತಲೆಗೆ ಹತ್ತಿತು. ಅಂದಿನಿಂದ ಸಿಕ್ಕ ಹುಳವನ್ನೆಲ್ಲ ಹಿಡಿದು ಕಾಲು ಎಣಿಸತೊಡಗಿದೆ. ಎಲ್ಲ ತಿಳಿದವನ ಹಾಗೆ ಮಾತಾಡತೊಡಗಿದೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ.

ಮಳೆಗಾಲ ಹಿಡಿಯುವ ಮುಂಚೆ ತೇರದಾಳದಿಂದ ಪಾರಿಸಪ್ಪ ಎಂಬ ರೈತ ಬಂದ. ಜೈನರ ಪೈಕಿ, ನಲವತ್ತರ ಹತ್ತಿರದ ಮನುಷ್ಯ. ಸಾಹೇಬರು ಲಸಿಕೆ ಹಾಕಲು ಬೀಳಗಿ ಕಡೆ ಹೋಗಿದ್ದರು. ದವಾಖಾನೆಯಲ್ಲಿ ನಾನೊಬ್ಬನೇ.

“ದನಕ್ಕ ಉಣ್ಣಿ ಭಾಳ ಆಗ್ಯಾವು. ಏನ ಮಾಡಬೇಕ್ರೀ?” ಅಂದ.

“ಕೈಲೆ ಆರಿಸಿ ತಗೀರಿ. ದಿನಾ ತಗೀರಿ. ಇಷ್ಟಕ್ಕ ತೇರದಾಳದಿಂದ ಇಲ್ಲೀತನಕ ಬಂದೀರೇನು?”

“ಅಲ್ರೀ, ತಗದದ್ದನ್ನ...”

“ತಗದ್ರ ಆತಪಾ!” ಅಂದೆ. ಹೊರಗೆ ಒಂದು ಎಮ್ಮೆ ಒದರುತ್ತಿತ್ತು, ನಾನು ಎದ್ದು ಹೋದೆ. ಆತ ಇನ್ನೇನೋ ಕೇಳಬೇಕೆಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋದ.

ಶ್ರಾವಣದಲ್ಲಿ ಅವನೇ ಮತ್ತೆ ಬಂದ. ಈ ಸಲ ಓಡುತ್ತ ಬಂದಿದ್ದ. ಹದಿನೈದು ದಿನದ ಹಿಂದೆ ಇದ್ದ ಒಂದೇ ಎತ್ತು ಸತ್ತಿತ್ತು. ಈಗ ಆಕಳು ಮಲಗಿದೆ, ಕೆಂಪಗೆ ಉಚ್ಚೆ ಹೊಯ್ಯುತ್ತಿದೆ ಅಂದ. ಸಾಹೇಬರು ಕೂಡಲೇ ಪೆಟ್ಟಿಗೆ ಎತ್ತಿಸಿದರು. ಸೈಕಲ್ ಮೇಲೆ ಬನಹಟ್ಟಿ ದಾಟಿ ತೇರದಾಳ ಮುಟ್ಟಿದೆವು. ದಾರಿಯುದ್ದಕ್ಕೂ ಮಗ್ಗದ ಸಪ್ಪಳ. ನನ್ನ ತಲೆಯ ಮೇಲೆ ಅದೇ ಬನಹಟ್ಟಿಯ ಹೊಸ ಬಿಳಿ ಪಟಗ. ಪಂಚಮಿಗೆಂದು ಕೊಂಡದ್ದು, ಇನ್ನೂ ಗಂಜಿಯ ವಾಸನೆ ಹೋಗಿರಲಿಲ್ಲ.

ಆಕಳ ಕಣ್ಣಿನ ಒಳಗಿನ ಪೊರೆ ಎಳೆದು ನೋಡಿದರೆ ಕಾಗದದ ಹಾಗೆ ಬೆಳ್ಳಗಿತ್ತು. “ಉಣ್ಣಿ ಜ್ವರ,” ಅಂದರು ಸಾಹೇಬರು. ಉಣ್ಣಿ ಕಚ್ಚಿ ರಕ್ತ ಕುಡಿಯುವಾಗ ಒಂದು ಜಂತುವನ್ನು ದನದ ರಕ್ತಕ್ಕೆ ಬಿಡುತ್ತದೆ. ಅದು ಕೆಂಪು ಕಣಗಳನ್ನು ಒಡೆಯುತ್ತದೆ, ಉಚ್ಚೆ ಕೆಂಪಾಗುತ್ತದೆ. ನೀಲಿ ಔಷಧಿಯ ಇಂಜೆಕ್ಷನ್ ಕೊಟ್ಟರು. ಬಹಳ ತಡವಾಗಿತ್ತು. ಮಧ್ಯಾಹ್ನದೊಳಗೆ ಆಕಳು ಕುತ್ತಿಗೆ ಚಾಚಿತು.

ಉಳಿದದ್ದು ಅದರ ಮಗಳು ಕಸ್ತೂರಿ, ಇನ್ನೂ ಗಬ್ಬವಾಗದ ಮಣಕ. ಅದಕ್ಕೆ ಜ್ವರ ಇರಲಿಲ್ಲ, ಆದರೆ ನಿಂತರೆ ಕಾಲು ನಡುಗುತ್ತಿತ್ತು. ಬಾಲದ ಬುಡ, ಕಿವಿಯ ಒಳಗೆ, ತೊಡೆಯ ಸಂದು, ಎಲ್ಲ ಕಡೆ ಔಡಲ ಬೀಜದ ಹಾಗೆ ಉಬ್ಬಿದ ಉಣ್ಣಿ. ಪಾರಿಸಪ್ಪನ ತಾಯಿ ಜಿನ್ನವ್ವ ಅದರ ಕುತ್ತಿಗೆಯ ಕೆಳಗಿನ ಗಂಗೆದೊಗಲಿಗೆ ಕೈಯಾಡಿಸುತ್ತ ನಿಂತಿದ್ದಳು. ಬಿಳಿ ಸೀರೆ, ಎಪ್ಪತ್ತರ ಮುದುಕಿ. ಸತ್ತ ಆಕಳ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಅಳು ಬರುತ್ತದೆ ಎಂದು ನನಗೆ ಗೊತ್ತಾಯಿತು.

“ದಿನಾ ಉಣ್ಣಿ ತಗೀತಿದ್ದಿಲ್ಲೇನು?” ಸಾಹೇಬರು ಕೇಳಿದರು.

“ತಗೀತಿದ್ದೆ ನೋಡ್ರಿ. ಮುಂಜಾನಿ ಒಮ್ಮೆ, ಹೊತ್ತ ಮುಣಗೂಕಿಂತ ಮೊದಲ ಒಮ್ಮೆ. ನಿಮ್ಮ ದವಾಖಾನ್ಯಾಗಿನ ಹುಡುಗನ ಹೇಳಿದ್ನಂತಲ್ಲ,” ಅಂದಳು ಜಿನ್ನವ್ವ.

ನಾನು ಎದೆ ಉಬ್ಬಿಸಿದೆ.

“ತಗದು ಏನ ಮಾಡ್ತೀರಿ?”

ಜಿನ್ನವ್ವ ಮೂಲೆಯಿಂದ ಒಂದು ಮಣ್ಣಿನ ಗಡಿಗೆ ತಂದಳು. ಅದರೊಳಗೆ ತಂಪು ಮಣ್ಣು, ಮೇಲೆ ಹಸಿ ಹುಲ್ಲು, ಹುಲ್ಲಿನ ಸಂದಿಯಲ್ಲಿ ಉಬ್ಬಿದ ಉಣ್ಣಿಗಳು. ಕೂಸಿಗೆ ತೊಟ್ಟಿಲು ಹಾಸಿದ ಹಾಗೆ ಹಾಸಿದ್ದಳು.

“ಬಿಸಲಿಗೆ ಒಗದ್ರ ಸುಟ್ಟ ಸಾಯತಾವು. ಅಂಗಳಕ್ಕ ಒಗದ್ರ ಓಣ್ಯಾಗಿನ ಕೋಳಿ ತಿಂತಾವು. ಅದಕ್ಕ ಗಡಗ್ಯಾಗ ಹಾಕಿಟ್ಟು, ಕೊಟ್ಟಿಗಿ ಗ್ವಾಡಿ ಹಿಂದ ನೆಳ್ಳಾಗ, ಹುಲ್ಲಾಗ ಬಿಟ್ಟ ಬರತೇನ್ರೀ. ಅವಕ್ಕೂ ಜೀವ ಐತೆಲ್ಲ.”

ಸಾಹೇಬರು ಬಗ್ಗಿ ಗಡಿಗೆಯೊಳಗೆ ನೋಡಿದರು. ಪಾರಿಸಪ್ಪ ನನ್ನ ಕಡೆ ತಿರುಗಿದ. “ಅವತ್ತ ನಾ ಕೇಳಾಕ ನಿಂತದ್ದು ಇದನ್ನ. ತಗದದ್ದನ್ನ ಎಲ್ಲಿ ಹಾಕೂದಂತ. ತಗದ್ರ ಆತಪಾ ಅಂದಿ ನೀ.”

ನಾನು ನೆಲ ನೋಡಿದೆ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅವನು ಬಯ್ಯಲಿಲ್ಲ.

“ಮಲ್ಯಾ, ಪಟಗ ಬಿಚ್ಚು,” ಅಂದರು ಸಾಹೇಬರು.

“ಹೊಸಾದ ಐತ್ರಿ...”

“ಬಿಚ್ಚಲೇ.”

ಬಿಚ್ಚಿದ ಪಟಗವನ್ನು ಕೊಟ್ಟಿಗೆಯ ಗೋಡೆಯ ಹಿಂದಿನ ಹುಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆಸಿದರು. ಎತ್ತಿ ನೋಡಿದರೆ ಬಿಳಿ ಬಟ್ಟೆಯ ಮೇಲೆ ಸಾಸಿವೆ ಪುಡಿ ಉದುರಿಸಿದ ಹಾಗೆ ಆಗಿತ್ತು. ಪುಡಿ ನಡೆಯುತ್ತಿತ್ತು. ಸಾಹೇಬರು ಕಿಸೆಯಿಂದ ಭೂತಗನ್ನಡಿ ತೆಗೆದು ಕೊಟ್ಟರು. ನಾನು ಎಣಿಸಿದೆ.

“ಆರರೀ! ಹಂಗಾರ ಇವು ಹೇನಿನ ಬಳಗೇನ್ರೀ?”

“ಉಣ್ಣಿ ಕೂಸಿಗೆ ಆರ ಕಾಲ. ಒಮ್ಮೆ ರಕ್ತ ಕುಡದು ಪೊರಿ ಬಿಟ್ಟ ಮ್ಯಾಲ ಎಂಟು.”

ಅಲ್ಲೇ ಕಟ್ಟೆಯ ಮೇಲೆ ಕೂತು ಸಾಹೇಬರು ಗಡಿಗೆಯ ಮಣ್ಣು ಕೆದರಿದರು. ಒಂದು ಸುಕ್ಕಿದ ಉಣ್ಣಿಯ ಮುಂದೆ ಗಸಗಸೆಯ ರಾಶಿಯ ಹಾಗೆ ಕಂದು ತತ್ತಿ. ಜಿನ್ನವ್ವನಿಗೆ ಭೂತಗನ್ನಡಿ ಕೊಟ್ಟು ವಿವರಿಸಿದರು. ಈ ಜಾತಿಗೆ ಬೂಫಿಲಸ್ ಎಂದು ಹೆಸರು. ಕೆಲವು ಜಾತಿಯ ಉಣ್ಣಿ ಮೂರು ಸಲ ದನದಿಂದ ಇಳಿದು ಮೂರು ಸಲ ಹೊಸ ದನ ಹತ್ತುತ್ತವೆ. ಇದು ಹಾಗಲ್ಲ. ಕೂಸಾಗಿ ಒಮ್ಮೆ ಹತ್ತಿದರೆ ಅದೇ ಮೈಮೇಲೆ ಬೆಳೆದು, ಸುಮಾರು ಮೂರು ವಾರಕ್ಕೆ ಹೊಟ್ಟೆ ತುಂಬಿಸಿಕೊಂಡು ಕೆಳಗೆ ಬೀಳುತ್ತದೆ. ತಂಪು ಜಾಗ ಹುಡುಕಿ ಎರಡು ಮೂರು ಸಾವಿರ ತತ್ತಿ ಇಟ್ಟು ಸಾಯುತ್ತದೆ. ತತ್ತಿ ಒಡೆದ ಕೂಸುಗಳು ಹುಲ್ಲಿನ ತುದಿ ಹತ್ತಿ ದನ ಬರುವುದನ್ನೇ ಕಾಯುತ್ತವೆ.

ಅಂದರೆ ಜಿನ್ನವ್ವ ದಿನಕ್ಕೆ ಎರಡು ಹೊತ್ತು ತನ್ನ ಕೈಯಾರೆ, ತನ್ನ ದನದ ಮಗ್ಗುಲಲ್ಲೇ, ಉಣ್ಣಿ ಬಿತ್ತುತ್ತಿದ್ದಳು. ಸಾಹೇಬರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುದುಕಿಗೆ ತಾನಾಗಿಯೇ ತಿಳಿಯಿತು. ಗಡಿಗೆಯ ಬಾಯಿಗೆ ಕೈ ಮುಚ್ಚಿ ಕೂತಳು.

ಪಾರಿಸಪ್ಪ ಎದ್ದ. “ಸಾಹೇಬ್ರ, ಹುಳ ಸಾಯೂ ಪುಡಿ ಐತಂತಲ್ರೀ, ಗ್ಯಾಮಾಕ್ಸಿನ್. ಮಣಕಕ್ಕೂ ಹೊಡೀರಿ, ಗ್ವಾಡಿಗೂ ಹೊಡೀರಿ. ಇವತ್ತ ಮುಗಸರಿ.”

“ಪುಡಿ ಹೊಡದ ದಿನದಿಂದ ನಾ ಅನ್ನ ಮುಟ್ಟೂದಿಲ್ಲ,” ಅಂದಳು ಜಿನ್ನವ್ವ. ದನಿ ಏರಿಸಲಿಲ್ಲ.

“ಅವ್ವಾ, ಇದೊಂದ ಉಳದೈತಬೇ!”

“ನನಗ ಕಾಣೂದಿಲ್ಲೇನು? ಇದರ ಅವ್ವಗೂ ನಾನ ಹಾಲ ಕುಡಿಸಿ ಬೆಳಸೇನಿ. ಆದ್ರ ಒಂದರ ಸಲುವಾಗಿ ಸಾವಿರ ಜೀವ ತಗೀ ಅಂತ ಹೆಂಗ ಹೇಳಲೋ?”

ಸಾಹೇಬರು ಸಮಾಧಾನಕ್ಕೆ ಅಂದರು, “ಆಯಿ, ಇದು ಜೇಡ, ಚೇಳಿನ ಬಳಗ...”

“ಅಲ್ರೀ,” ಮುದುಕಿ ಅಲ್ಲೇ ತಡೆದಳು. “ಜೇಡ, ಚೇಳು ನಾಕ ಇಂದ್ರಿಯದ ಜೀವ. ಅವಕ್ಕ ಕಣ್ಣ ಅದಾವು. ಇದು ಮೂರರದ್ದು. ಮುಟ್ಟಿದ್ದ ತಿಳೀತೈತಿ, ರುಚಿ ತಿಳೀತೈತಿ, ವಾಸನಿ ತಿಳೀತೈತಿ. ಇರಿವಿ, ಹೇನು, ಉಣ್ಣಿ ಎಲ್ಲಾ ಒಂದ ಸಾಲು. ಬಸದ್ಯಾಗ ಸಣ್ಣಾಕಿದ್ದಾಗ ಕಲತೇನಿ.”

ಮುದುಕಿ ಡಾಕ್ಟರಿಗೇ ಪಾಠ ಹೇಳುತ್ತಾಳಲ್ಲ ಎಂದು ನನಗೆ ನಗು ಬಂತು. ಸಾಹೇಬರು ನಗಲಿಲ್ಲ. ಭೂತಗನ್ನಡಿಯನ್ನು ಪಟಗದ ಮೇಲೆ ಹಿಡಿದರು. “ಬರ್ರಿ ಇಲ್ಲೆ. ಮುಂದಿನ ಎರಡು ಕಾಲ ಎತ್ತಿ ಗಾಳ್ಯಾಗ ಆಡಸಾಕತ್ತದ ನೋಡ್ರಿ. ಇದರ ಮೂಗು ಆ ಕಾಲಾಗ ಅದ. ದನದ ಉಸರಿನ ವಾಸನಿ ಅದರಿಂದನ ತಿಳಕೋತದ. ಈ ಜಾತಿಗೆ ಕಣ್ಣು ಅಂತ ಎರಡು ಚುಕ್ಕಿ ಅವ, ಇದ್ದೂ ಇಲ್ಲದಂಗ. ನೀವು ಹೇಳಿದ್ದರಾಗ ತಪ್ಪು ಭಾಳ ಇಲ್ಲ.”

ಜಿನ್ನವ್ವ ಕನ್ನಡಿಗೆ ಕಣ್ಣಿಟ್ಟು, ಆಕಳು ಸತ್ತ ಆ ದಿನದಲ್ಲೂ, “ಕಾಲಾಗ ಮೂಗೇನ್ರೀ!” ಎಂದು ಕೂಸಿನ ಹಾಗೆ ಬೆರಗಾದಳು. ನನಗೆ ಅದು ಇಂದಿಗೂ ಕಣ್ಣಿಗೆ ಕಟ್ಟಿದೆ. ಒಬ್ಬರು ಕಾಲು ಎಣಿಸಿ ಜಾತಿ ಹೇಳುವವರು, ಒಬ್ಬಳು ಇಂದ್ರಿಯ ಎಣಿಸಿ ಹೇಳುವವಳು. ಇಬ್ಬರೂ ಹುಳವನ್ನು ನನಗಿಂತ ಸರಿಯಾಗಿ ನೋಡಿದ್ದರು.

ಹೊರಗೆ ಬಂದ ಮೇಲೆ ನಾನು ಸಾಹೇಬರಿಗೆ ಹೇಳಿದೆ. “ಮುದಕಿ ಬಸದಿಗೆ ಹೋದಾಗ ಪುಡಿ ಹೊಡದ ಬಿಡೂಣ್ರೀ. ಯಾರಿಗೆ ಗೊತ್ತಾಗತೈತಿ?”

“ಗೊತ್ತಾದ್ರ? ಆಕಿ ಅನ್ನ ಬಿಟ್ರ ಅದಕ್ಕ ನಿನ್ನ ಕಡೆ ಇಂಜೆಕ್ಷನ್ ಅದ ಏನು?”

ನಾನು ಪೆಟ್ಟಿಗೆ ಎತ್ತಿ ಸೈಕಲ್ಲಿಗೆ ಕಟ್ಟಿದೆ.

ಮರುದಿನ ಸಾಹೇಬರು ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ತಿರುವಿ, ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದರು. ಪುಡಿ ಬರುವ ಮುಂಚಿನ ಕಾಲದ ಉಪಾಯ ಅದು. ಮಣಕವನ್ನು ಉಣ್ಣಿ ಇಲ್ಲದ ಜಾಗಕ್ಕೆ ಒಯ್ಯಬೇಕು. ಮೈಮೇಲಿನ ಉಣ್ಣಿ ಹೊಟ್ಟೆ ತುಂಬಿದ ಹಾಗೆ ತಾವಾಗಿಯೇ ಉದುರುತ್ತವೆ. ಉದುರಿದವು ತತ್ತಿ ಇಟ್ಟು, ಆ ತತ್ತಿ ಒಡೆಯುವ ಮುಂಚೆ, ಅಂದರೆ ಇಪ್ಪತ್ತು ದಿನದೊಳಗೆ, ಇನ್ನೊಂದು ಹೊಸ ಜಾಗಕ್ಕೆ ಒಯ್ಯಬೇಕು. ಅಲ್ಲಿ ಮತ್ತೆ ಇಪ್ಪತ್ತು ದಿನ. ಅಷ್ಟರಲ್ಲಿ ಮೈ ಚೊಕ್ಕ. ಹಳೆಯ ಕೊಟ್ಟಿಗೆಗೂ ಅದರ ಹಿಂದಿನ ಹುಲ್ಲಿಗೂ ಬೇಸಿಗೆ ಕಳೆಯುವ ತನಕ ದನದ ಮೂತಿ ತೋರಿಸಬಾರದು.

ಪಾರಿಸಪ್ಪನಿಗೆ ಹತ್ತಿ ತುಂಬುವ ಕೋಣೆಯೊಂದಿತ್ತು. ಮಳೆಗಾಲದಲ್ಲಿ ಖಾಲಿ. ಮೊದಲು ಅಲ್ಲಿ, ಆಮೇಲೆ ಬಸದಿಯ ಹಿಂದಿನ ಗೋಡೆ ಕಟ್ಟಿದ ಖಾಲಿ ಜಾಗದಲ್ಲಿ ಎಂದು ಗೊತ್ತಾಯಿತು. ಮೇವು ಅಟ್ಟದ ಮೇಲಿನ ಹಳೆಯ ಜೋಳದ ಕಣಿಕೆ ಮಾತ್ರ, ಹಸಿ ಹುಲ್ಲು ಬೇಡ. ನೋಡಿಕೊಳ್ಳುವ ಕೆಲಸ ನನ್ನದು. ಸಾಹೇಬರು ಅದನ್ನು ಶಿಕ್ಷೆ ಎಂದು ಕರೆಯಲಿಲ್ಲ. ನಾನು ಹಾಗೇ ತಿಳಿದುಕೊಂಡೆ.

ಮಣಕದ ಹಗ್ಗ ಬಿಚ್ಚುವ ದಿನ ಜಿನ್ನವ್ವ ಕೇಳಿದಳು. “ಯಾರೂ ಯಾವುದನ್ನೂ ಕೊಲ್ಲೂದಿಲ್ಲ, ಹೌದಲ್ಲ?”

ಸಾಹೇಬರು, “ಯಾರೂ ಕೈ ಹಚ್ಚೂದಿಲ್ಲ ಆಯಿ,” ಅಂದರು.

“ಮತ್ತ ಗ್ವಾಡಿ ಹಿಂದ ಕಾಯಾಕತ್ತಾವಲ್ಲ, ಅವು?”

ಸಾಹೇಬರು ಕೆಮ್ಮಿದರು. ನನಗೆ ಸುತ್ತಿಬಳಸಿ ಹೇಳಲು ಬರುವುದಿಲ್ಲ. “ದನ ಬರಲಿಲ್ಲಂದ್ರ ಅವಕ್ಕ ಬ್ಯಾರೆ ಕೂಳಿಲ್ಲ ಆಯಿ. ಉಪಾಸ ಬಿದ್ದ ಸಾಯತಾವು,” ಅಂದುಬಿಟ್ಟೆ. ಸಾಹೇಬರು ನನ್ನನ್ನು ನುಂಗುವ ಹಾಗೆ ನೋಡಿದರು. ಪಾರಿಸಪ್ಪ ಹಣೆ ಬಡಿದುಕೊಂಡ. ಎಲ್ಲ ಕೆಟ್ಟಿತು ಅಂದುಕೊಂಡೆ.

ಜಿನ್ನವ್ವ ಮಣಕದ ಬೆನ್ನಿನ ಮೇಲೆ ಕೈಯಿಟ್ಟಳು. ಮಣಕ ತೂಗಾಡಿ ಅವಳ ಮೈಗೆ ಒರಗಿತು.

“ಖರೆ ಹೇಳಿದಿ ತಮ್ಮಾ,” ಅಂದಳು ನನಗೆ. ಆಮೇಲೆ ಮಗನಿಗೆ, “ಹಗ್ಗಾ ಬಿಚ್ಚೋ.”

ಮೂರು ದಿನಕ್ಕೊಮ್ಮೆ ಸೈಕಲ್ ತುಳಿದು ತೇರದಾಳಕ್ಕೆ ಹೋಗುತ್ತಿದ್ದೆ. ಮಣಕದ ವಸಡು ನೋಡುವುದು, ಕಿವಿ ಮಡಚಿ ನೋಡುವುದು, ಸಾಹೇಬರಿಗೆ ಬಂದು ಹೇಳುವುದು. ಮೊದಲ ವಾರ ವಸಡು ಬೆಳ್ಳಗೇ ಇತ್ತು. ಒಂದು ದಿನ ಕಣಿಕೆಗೂ ಬಾಯಿ ಹಚ್ಚಲಿಲ್ಲ. ಆ ದಿನ ಹಿಂತಿರುಗುವಾಗ ಬನಹಟ್ಟಿಯ ಹತ್ತಿರ ಸೈಕಲ್ ನಿಲ್ಲಿಸಿ ದಾರಿಯ ಬದಿ ಕೂತೆ. ಇದೂ ಹೋದರೆ ಮೂರು ದನ ನನ್ನ ಒಂದು ಮಾತಿಗೆ ಹೋದ ಹಾಗೆ ಎಂದು ಲೆಕ್ಕ ಹತ್ತಿತ್ತು. ಅದಕ್ಕಿಂತ ಮುಂಚೆ ನಾನು ಯಾವ ದನಕ್ಕೂ ಹಾಗೆ ಕೂತವನಲ್ಲ.

ಇಪ್ಪತ್ತನೆಯ ದಿನ ಜಾಗ ಬದಲಿಸಿದೆವು. ಬಸದಿಯ ಹಿಂದೆ ಹೋದ ಮೇಲೆ ಮಣಕ ಹುರುಪು ಹಿಡಿಯಿತು. ದಸರೆ ಕಳೆದ ಮೇಲೆ ಒಂದು ದಿನ ಕಿವಿಯೊಳಗೆ ಬೆರಳಾಡಿಸಿದರೆ ಒಂದೂ ಉಣ್ಣಿ ಸಿಗಲಿಲ್ಲ. ವಸಡು ನಸುಗೆಂಪು. ತಲೆ ಬೀಸಿ ನನ್ನ ಎದೆಗೆ ಗುದ್ದಿತು, ಹಿತ್ತಾಳೆ ಬಿಲ್ಲೆ ಬಗ್ಗಿತು. ಆ ಬಿಲ್ಲೆಯನ್ನು ನಾನು ಬಡಿದು ಸರಿ ಮಾಡಿಸಲೇ ಇಲ್ಲ.

ಜಿನ್ನವ್ವನ ಸಂಗತಿ ತಿಳಿದದ್ದು ಚಳಿಗಾಲದಲ್ಲಿ. ಮುದುಕಿ ಸೊರಗಿದ್ದಳು. ಪಾರಿಸಪ್ಪನನ್ನು ಕೇಳಿದೆ.

“ಒಪ್ಪತ್ತ ಉಣತಾಳ. ಮಳಿಗಾಲದ ನಾಕ ತಿಂಗಳ ನಮ್ಮೊಳಗ ಎಲ್ಲಾ ಮುದಕರೂ ಒಪ್ಪತ್ತ ಮಾಡ್ತಾರ. ಅದು ಮುಗದ ಭಾಳ ದಿನಾ ಆತು. ಯಾಕಬೇ ಅಂದ್ರ, ಕೊಟ್ಟಿಗಿ ಹಿಂದ ಅವು ಉಪಾಸ ಅದಾವು, ನಾ ಎರಡ ಹೊತ್ತ ಹೆಂಗ ಉಣ್ಣಲಿ ಅಂತಾಳ. ನೀನ ಹೇಳಿದೆಲ್ಲಪಾ ಖರೇದನ್ನ.”

ನಾನು ಜಮಖಂಡಿಗೆ ತಿರುಗಿ ಬಂದೆ. ಸುಳ್ಳು ಹೇಳಬೇಕಿತ್ತೇ ಎಂದು ಸಾಹೇಬರನ್ನು ಕೇಳಿದೆ. ಅವರು ಕನ್ನಡಕ ಒರೆಸುತ್ತ, “ಸುಳ್ಳ ಹೇಳಿದ್ರ ಹಗ್ಗಾ ನಾವು ಬಿಚ್ಚಿದಂಗ ಆಗತಿತ್ತು. ಈಗ ಎಲ್ಲಾ ತಿಳದು ಆಕಿನ ಬಿಚ್ಚಿಸ್ಯಾಳ,” ಅಂದರು. ಆಗ ಅರ್ಥವಾಗಿರಲಿಲ್ಲ.

ಯುಗಾದಿ ಕಳೆದು ಬಿಸಿಲು ಸುಡುವ ಹೊತ್ತಿಗೆ ಸಾಹೇಬರು ನನ್ನೊಬ್ಬನನ್ನೇ ಕಳಿಸಿದರು. ಒಗೆದು ಬೆಳ್ಳಗೆ ಮಾಡಿದ ಅದೇ ಪಟಗ ಬಿಚ್ಚಿ ಕೊಟ್ಟಿಗೆಯ ನೆಲಕ್ಕೆ ಎಳೆದೆ, ಗೋಡೆಯ ಸಂದಿಗೆ ಒತ್ತಿದೆ, ಹಿಂದಿನ ಒಣ ಹುಲ್ಲಿನ ಮೇಲೆ ಎರಡು ಸಲ ಎಳೆದೆ. ಜಿನ್ನವ್ವ ಜೊತೆಗೇ ನಡೆದಳು. ಇಬ್ಬರೂ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಮೊಳ ಮೊಳವಾಗಿ ನೋಡಿದೆವು. ಚೊಕ್ಕ. ಕೊನೆಯ ಮೊಳದಲ್ಲಿ ಅವಳ ಬೆರಳು ನಿಂತಿತು.

ಒಂದೇ ಒಂದು. ಸಾಸಿವೆಯ ಚೂರಿನಷ್ಟು. ಬಡಕಲಾಗಿ, ಮುಂದಿನ ಕಾಲು ಎತ್ತಿ ನಮ್ಮ ಉಸಿರಿನ ಕಡೆ ಆಡಿಸುತ್ತಿತ್ತು.

“ಕಾಲ ಎಷ್ಟೋ ತಮ್ಮಾ?”

“ಆರು, ಆಯಿ.”

“ಕೂಸ ಇನ್ನಾ.”

ಅಂಗಳದಲ್ಲಿ ಕಸ್ತೂರಿ ಕಣಿಕೆ ಅಗಿಯುತ್ತಿತ್ತು. ಆಗ ಅದು ಗಬ್ಬ. ಜಿನ್ನವ್ವ ಒಮ್ಮೆ ಅದರ ಹೊಟ್ಟೆ ನೋಡಿದಳು, ಒಮ್ಮೆ ಬಟ್ಟೆ ನೋಡಿದಳು. ಆಮೇಲೆ ಬೆರಳು ತೆಗೆದು ಸೆರಗು ಸರಿ ಮಾಡಿಕೊಂಡಳು.

“ನಾ ಒಳಗ ಹೋಗತೇನಿ,” ಅಂದಳು. ಹೋದಳು. ತಿರುಗಿ ನೋಡಲಿಲ್ಲ.

ನಾನು ಅದನ್ನು ಎರಡು ಉಗುರಿನ ನಡುವೆ ಇಟ್ಟು ಒತ್ತಿದೆ. ಸಾವಿರಾರು ಉಣ್ಣಿ ಹಿಸುಕಿದ ಕೈ ನನ್ನದು. ಅದೊಂದು ಮಾತ್ರ ಲೆಕ್ಕಕ್ಕೆ ಸಿಕ್ಕಿತು.

ಸ್ವಲ್ಪ ಹೊತ್ತಿಗೆ ಮುದುಕಿ ಒಂದು ಕೈಯಲ್ಲಿ ಸೋಸಿದ ನೀರಿನ ತಂಬಿಗೆ, ಇನ್ನೊಂದರಲ್ಲಿ ಮಜ್ಜಿಗೆಯ ವಾಟಗ ಹಿಡಿದು ಬಂದಳು. ಏನು ಮಾಡಿದೆ ಎಂದು ಕೇಳಲಿಲ್ಲ. “ಕೈ ತೊಳಕೊ ಮೊದಲ,” ಅಂದಳು. ನೀರು ತಾನೇ ಹಾಕಿದಳು. ಆ ದಿನ ಸಂಜೆ, ಹೊತ್ತು ಮುಳುಗುವ ಮುಂಚೆ, ನನ್ನ ಮುಂದೆಯೇ ಎರಡನೆಯ ಹೊತ್ತಿನ ರೊಟ್ಟಿ ಮುರಿದಳು.

ರಾಜ್ಯ ಬದಲಾದಾಗ ಆಪಟೆ ಸಾಹೇಬರು ಮರಾಠಿ ಸೀಮೆಗೆ ಹೋದರು. ಹೋಗುವಾಗ ಭೂತಗನ್ನಡಿ ನನಗೆ ಕೊಟ್ಟರು. ಜಿನ್ನವ್ವ ಈಗಿಲ್ಲ. ಕಸ್ತೂರಿಯ ಮಗ ರಬಕವಿಯ ಕಡೆ ಹೊಲದಲ್ಲಿ ಗಳೆ ಎಳೆಯುತ್ತಿದ್ದಾನೆ, ಮೊನ್ನೆ ನೋಡಿ ಬಂದೆ. ಕಿವಿ ಮಡಚಿ ನೋಡಲು ಹೋದರೆ ಅವನೂ ತಲೆ ಬೀಸಿದ.

ಕೆಲಸ ನನಗೆ ಕಲಿಸಿದ್ದು ಇಷ್ಟೇ. ಏನು ಮಾಡಬೇಕೆಂದು ಹೇಳಿದವನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಈಗ ಯಾರಿಗೇ ಆಗಲಿ ಉಣ್ಣಿ ಆರಿಸಲು ಹೇಳಿದರೆ ನಾನು ಎದ್ದು ಹೋಗುವುದಿಲ್ಲ. ಹೊರಗೆ ಎಷ್ಟೇ ಎಮ್ಮೆ ಒದರಲಿ, ಕೂತು ಕೇಳುತ್ತೇನೆ: “ತಗದದ್ದನ್ನ ಎಲ್ಲಿ ಹಾಕತೀರಿ?”